ಹೊರಗಾಲಿಯ ಹೆಚ್ಚುವರಿ ಎರಡು ಮೀಟರ್

ಸುತ್ತೂರು ಜಾತ್ರೆಗೆ ಬರುವ ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಗಾಡಿಯ ಅಚ್ಚು ತಿರುಗುವುದಿಲ್ಲ, ಅಚ್ಚಿನ ತುದಿಯಲ್ಲಿ ಗಾಲಿ ತಿರುಗುತ್ತದೆ. ಎಡಗಾಲಿ ಎಷ್ಟು ಉರುಳಿತೆಂದು ಬಲಗಾಲಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಎಳೆಯುವುದು ಎತ್ತು; ಗಾಲಿಯದು ಬರೀ ಹಿಂಬಾಲಿಸುವ ಕೆಲಸ. ಕಡಾಣಿ ಭದ್ರವಾಗಿದ್ದು ಕೀಲೆಣ್ಣೆ ಒಣಗದಿದ್ದರೆ ಕಪಿಲಾ ದಂಡೆಯ ಯಾವ ತಿರುವಿನಲ್ಲೂ ಗಾಡಿ ತಕರಾರು ಮಾಡದು.

ನಂಜನಗೂಡಿನ ದೊಡ್ಡ ಜಾತ್ರೆಯ ತೇರಿಗೂ ಬೇಕಿಲ್ಲ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರುಗಳೂ ಮಿಣಿ ಹಿಡಿದ ಜನರ ಬಲದಲ್ಲೇ ರಥಬೀದಿ ಸುತ್ತುತ್ತವೆ. ತೇರಿನ ಕಷ್ಟ ಬೇರೆ. ಅದಕ್ಕೆ ಸ್ಟೀರಿಂಗ್ ಇಲ್ಲ. ಮೂಲೆ ಬಂದಾಗ ಗಾಲಿಯಡಿಗೆ ಮರದ ದಿಮ್ಮಿ ಕೊಟ್ಟು, ಜಗ್ಗಿ, ಮತ್ತೆ ಕೊಟ್ಟು, ಮತ್ತೆ ಜಗ್ಗಿ ದಿಕ್ಕು ಬದಲಿಸಬೇಕು. ಆದರೂ ಒಂದು ಗಾಲಿ ಇನ್ನೊಂದರ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ.

ಜಗಳ ಹುಟ್ಟುವುದು ಎಂಜಿನ್ ಬಂದ ಮೇಲೆ. ಗಾಡಿಯನ್ನು ಎಳೆಯುವ ಬದಲು ಗಾಲಿಯನ್ನೇ ತಿರುಗಿಸಿ ಗಾಡಿ ಓಡಿಸುತ್ತೇವೆ ಎಂದು ಹೊರಟಾಗ, ಒಂದೇ ಎಂಜಿನ್ನಿನ ಬಲವನ್ನು ಎರಡು ಗಾಲಿಗೆ ಹಂಚಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ನೇರ ದಾರಿಯಲ್ಲಿ ಸರಿ. ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಹೋಗಬೇಕು. ಎಷ್ಟು ಹೆಚ್ಚು? ಎರಡು ಗಾಲಿಗಳ ನಡುವೆ 1.4 ಮೀಟರ್ ಅಂತರವಿರುವ ಕಾರು 90 ಡಿಗ್ರಿ ತಿರುಗಿದರೆ ಹೊರಗಾಲಿ ಒಳಗಾಲಿಗಿಂತ 2.2 ಮೀಟರ್ ಹೆಚ್ಚು ಉರುಳುತ್ತದೆ. ಈ ಲೆಕ್ಕದಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ತಿರುವು ಎಷ್ಟು ಅಗಲ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ರಥಬೀದಿಯ ಮೂಲೆಯಾದರೂ ಅಷ್ಟೇ, ಹೆದ್ದಾರಿಯ ವಿಶಾಲ ತಿರುವಾದರೂ ಅಷ್ಟೇ: ಅದೇ 2.2 ಮೀಟರ್. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಒಂದೊಂದನ್ನೂ 180 ಡಿಗ್ರಿ ಎಂದು ಹಿಡಿದರೆ ತಿರುವಿಗೆ 4.4 ಮೀಟರ್. ಘಾಟಿ ಮುಗಿಯುವಷ್ಟರಲ್ಲಿ ಎಡವೋ ಬಲವೋ ಯಾವುದೋ ಒಂದು ಗಾಲಿ ಒಟ್ಟು 119 ಮೀಟರಿನಷ್ಟು ಹೆಚ್ಚುವರಿ ಉರುಳಿರಬೇಕು. ಉರುಳಲು ಬಿಡದಿದ್ದರೆ ಅಷ್ಟು ದೂರ ಟೈರು ಡಾಂಬರಿನ ಮೇಲೆ ಉಜ್ಜಿಕೊಂಡೇ ಹೋಗಬೇಕು, ಇಲ್ಲವೇ ಆಕ್ಸಲ್ ತಿರುಚಿಕೊಳ್ಳಬೇಕು.

ಈ ಜಗಳಕ್ಕೆ ರಾಜಿ ಮಾಡಿಸುವ ಗೇರುಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಗ್ಯಾರೇಜುಗಳಲ್ಲಿ ಡಿಫ್ರೆನ್ಸು. ಫ್ರಾನ್ಸಿನ ಒನೆಸಿಫೋರ್ ಪೆಕೂರ್ 1820ರ ದಶಕದ ಕೊನೆಯಲ್ಲೇ ಹಬೆ ಗಾಡಿಗೆ ಇದನ್ನು ಯೋಚಿಸಿ ಪೇಟೆಂಟ್ ಪಡೆದಿದ್ದ. ಆದರೆ ಜನರ ಬಾಯಲ್ಲಿ ಉಳಿದ ಕತೆ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿಯದು. ಅಪ್ಪ, ಮಗ ಅಕ್ಕಪಕ್ಕ ಕೂತು ತುಳಿಯುವ ಸೈಕಲ್. ಹರೆಯದ ಮಗ ಜೋರಾಗಿ ತುಳಿದ, ಸೈಕಲ್ ಅಪ್ಪನ ಕಡೆಗೆ ತಿರುಗಿ ಇಬ್ಬರನ್ನೂ ತುರಿಕೆ ಗಿಡಗಳ ಪೊದೆಗೆ ಹಾಕಿತಂತೆ. 1877ರಲ್ಲಿ ಸ್ಟಾರ್ಲಿ ಡಿಫರೆನ್ಷಿಯಲ್ ಪೇಟೆಂಟ್ ಪಡೆದ. ಪೊದೆಯ ಭಾಗ ನಿಜವೋ ಕಟ್ಟುಕತೆಯೋ, ಯಂತ್ರದ ಮರ್ಮ ಅದರಲ್ಲಿ ಸರಿಯಾಗಿ ಕೂತಿದೆ.

ಒಳಗೆ ಇರುವುದು ಹೆಚ್ಚೇನಲ್ಲ. ಎಂಜಿನ್ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಗೆ ಪುಟ್ಟ ಪಿನಿಯನ್. ಅದು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಪಂಜರದೊಳಗೆ ನಾಲ್ಕು ಸಣ್ಣ ಗೇರು: ಎರಡು ಆಕ್ಸಲ್‌ಗಳಿಗೆ ಸೇರಿದವು, ಇನ್ನೆರಡು ಅವುಗಳ ಮಧ್ಯೆ ಅಡ್ಡ ಕೂತವು. ನೇರ ಓಟದಲ್ಲಿ ಈ ನಾಲ್ಕೂ ಪಂಜರದ ಜೊತೆ ಸುಮ್ಮನೆ ಸುತ್ತುತ್ತವೆ. ತಿರುವಿನಲ್ಲಿ ಮಾತ್ರ ಅಡ್ಡ ಗೇರುಗಳು ತಮ್ಮ ಸುತ್ತ ತಾವೂ ತಿರುಗಿ, ಒಂದು ಗಾಲಿಯಿಂದ ಕಳೆದಷ್ಟು ಸುತ್ತನ್ನು ಇನ್ನೊಂದಕ್ಕೆ ಕೊಡುತ್ತವೆ. ಎರಡು ಗಾಲಿಗಳ ವೇಗದ ಸರಾಸರಿ ಯಾವಾಗಲೂ ಕ್ರೌನಿನ ವೇಗ. ಎರಡೂ ಹಿಂಗಾಲಿಗಳನ್ನು ಜಾಕ್ ಕೊಟ್ಟು ಎತ್ತಿ, ಕಾರನ್ನು ಗೇರಿನಲ್ಲಿಟ್ಟು ಒಂದು ಗಾಲಿಯನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ ನೋಡಿ. ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಗುಜರಿಯಲ್ಲಿ ಡಿಫ್ರೆನ್ಸು ಕೊಳ್ಳುವವರು ಮಾಡುವ ಮೊದಲ ಪರೀಕ್ಷೆ ಇದೇ. ನ್ಯೂಟ್ರಲ್‌ನಲ್ಲಿ ಎರಡೂ ಒಂದೇ ಕಡೆ ತಿರುಗಿದರೆ ಒಳಗೆ ಜಾರುವಿಕೆಗೆ ಲಗಾಮು ಹಾಕುವ ಪ್ಲೇಟುಗಳಿರಬೇಕು, ಅಥವಾ ಯಾರೋ ಪುಣ್ಯಾತ್ಮ ಗೇರುಗಳಿಗೆ ವೆಲ್ಡಿಂಗ್ ಹೊಡೆದಿರಬೇಕು.

ಈ ರಾಜಿಗೆ ಒಂದು ದೌರ್ಬಲ್ಯವಿದೆ. ಅದನ್ನು ಸುತ್ತೂರಿನ ಆಸುಪಾಸಿನ ಟ್ರ್ಯಾಕ್ಟರ್ ಚಾಲಕರಿಗೆ ಹೇಳಿಕೊಡಬೇಕಾಗಿಲ್ಲ. ಕೆಸರುಗದ್ದೆಯಲ್ಲಿ ಒಂದು ಗಾಲಿ ಹೂತು ಗಿರ್ರನೆ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಕದಲುವುದಿಲ್ಲ. ಸಾಧಾರಣ ಡಿಫರೆನ್ಷಿಯಲ್ ಎರಡೂ ಕಡೆ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಒಂದು ಕಡೆ ಹಿಡಿತವಿಲ್ಲದಿದ್ದರೆ ಇನ್ನೊಂದು ಕಡೆಗೂ ಅಷ್ಟೇ ಪಾಲು. ಆಗ ಚಾಲಕ ಲಾಕ್ ಪೆಡಲ್ ಒತ್ತಿ ಎರಡು ಗಾಲಿಯನ್ನೂ ಒಂದು ಮಾಡುತ್ತಾನೆ, ಮೇಲೆ ಬಂದೊಡನೆ ಕಾಲು ತೆಗೆಯುತ್ತಾನೆ. ತೆಗೆಯದೆ ತಿರುಗಿಸಿದರೆ ಟ್ರ್ಯಾಕ್ಟರ್ ನೇರವಾಗಿ ಬದುವಿಗೇ ಹೋಗುತ್ತದೆ.

ರೇಸಿನವರ ಚಿಂತೆಯೂ ಇದೇ. ತಿರುವಿನಲ್ಲಿ ಒಳಗಾಲಿ ಹಗುರವಾದಾಗ ಹಿಡಿತ ತಪ್ಪದಂತೆ ಮಾಡುವುದು ಹೇಗೆ? ಇದಕ್ಕಾಗಿ 1930ರ ದಶಕದಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿ ಜಾರುವಿಕೆ ತಡೆಯುವ ಡಿಫರೆನ್ಷಿಯಲ್ ಮಾಡಿತು, ಆಮೇಲೆ ಅಮೆರಿಕದ ವರ್ನನ್ ಗ್ಲೀಸ್‌ಮನ್ ಬರೀ ಗೇರುಗಳಿಂದಲೇ ಅದೇ ಕೆಲಸ ಮಾಡಿಸಿದ. ಮನೆಯಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟ ಹುಡುಗರು ಮೊದಲು ಕನಸು ಕಾಣುವುದು ಇಂಥವುಗಳದ್ದೇ. ನನ್ನ ಅಭಿಪ್ರಾಯ ಬೇರೆ. ದುಬಾರಿ ಡಿಫರೆನ್ಷಿಯಲ್ ತಂದು ಸೊಟ್ಟಗೆ ಕೂರಿಸುವುದಕ್ಕಿಂತ ಗುಜರಿಯ ಸಾದಾ ಪೆಟ್ಟಿಗೆಯನ್ನು ನೆಟ್ಟಗೆ ಕೂರಿಸುವುದು ಮೇಲು. ಮನೆಯಲ್ಲಿ ಕಟ್ಟಿದ ಕಾರಿನ ಯೋಗ್ಯತೆ ಗೊತ್ತಾಗುವುದು ಎಂಜಿನ್ನಿನ ಸದ್ದಿನಲ್ಲಿ ಅಲ್ಲ, ಹಿಂದಿನ ಈ ಪೆಟ್ಟಿಗೆ ಕೂತ ಜಾಗದಲ್ಲಿ.

ಡಿಫರೆನ್ಷಿಯಲ್ ಮೈಸೂರು ಸೀಮೆಗೆ ಹೊಸ ವಸ್ತುವೇನಲ್ಲ. ಸುತ್ತೂರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ಮೈಸೂರಿನಲ್ಲಿ, ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಇದೆ. ಲಾರಿ, ಬಸ್ಸುಗಳ ಹಿಂಬದಿಯ ಆಕ್ಸಲ್ ಮಾಡುವುದೇ ಅದರ ಕಸುಬು. ಊರಿನ ಕೈಗಾರಿಕಾ ಶೆಡ್ಡುಗಳಲ್ಲಿ ಕ್ರೌನ್, ಪಿನಿಯನ್ ಎಂಬ ಮಾತು ಸೊಪ್ಪು, ತರಕಾರಿಯಷ್ಟು ಸಲೀಸು. ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆಯೂ ಇದೆ. ಅಲ್ಲಿಂದ ಹೊರಬರುವ ದ್ವಿಚಕ್ರ ವಾಹನಗಳಿಗೆ ತಿರುಗಿಸಬೇಕಾದ ಗಾಲಿ ಒಂದೇ ಆದ್ದರಿಂದ ಈ ತಲೆನೋವಿಲ್ಲ. ಇನ್ನು ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ಶುರುವಾದದ್ದು 1954ರಲ್ಲಿ. ಅದರ ಎಂಜಿನಿಯರಿಂಗ್ ಕಾಲೇಜು, ಎಲ್ಲರ ಬಾಯಲ್ಲಿ ಎಸ್‌ಜೆಸಿಇ, ಮೈಸೂರಿನಲ್ಲಿ ಬಾಗಿಲು ತೆರೆದದ್ದು 1963ರಲ್ಲಿ. ಈ ಹೊಳೆದಂಡೆಯ ಹಳ್ಳಿಗಳಿಂದ ಮೆಕ್ಯಾನಿಕಲ್ ಓದಲು ಹೋದ ಹುಡುಗನಿಗೆ ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಅಪ್ಪನ ಟ್ರ್ಯಾಕ್ಟರ್, ಎರಡರಲ್ಲೂ ಡಿಫರೆನ್ಷಿಯಲ್ ಸಿಕ್ಕಿಬಿಡುತ್ತದೆ.

ಸ್ಪೋರ್ಟ್ಸ್ ಕಾರನ್ನು ಕೈಯಾರೆ ಕಟ್ಟುವ ಹುಚ್ಚಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಅವನ ಲೋಟಸ್ ಸೆವೆನ್ 1957ರಲ್ಲಿ ಬಂತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿದರೆ ಖರೀದಿ ತೆರಿಗೆ ತಪ್ಪುತ್ತಿತ್ತು. ಹಾಗಾಗಿ ಅಲ್ಲಿನ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಕಾರು ಹುಟ್ಟಿತು. 1990ರ ದಶಕದಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಮೇಷ್ಟರು 250 ಪೌಂಡಿನಲ್ಲಿ ಅಂಥದೇ ಕಾರು ಕಟ್ಟಬಹುದು ಎಂದು ಪುಸ್ತಕ ಬರೆದರು. ನಮ್ಮಲ್ಲಿ ಹತ್ತಿರದ ಬಂಧು ಎಂದರೆ ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್. 1980ರ ದಶಕದ ಫೈಬರ್ ಮೈಯ ಪುಟ್ಟ ಕಾರು, ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್, ಬಲ ಹೋಗುವುದು ಹಿಂದಿನ ಗಾಲಿಗೆ. ಮಾರುಕಟ್ಟೆಯಲ್ಲಿ ಮಾರುತಿ 800ರ ಮುಂದೆ ನಿಲ್ಲಲಾಗಲಿಲ್ಲ. ಆದರೆ ಹಗುರವಾಗಿದ್ದರಿಂದ ಶೋಳವರಂ ರೇಸಿನವರಿಗೆ, ರ್‍ಯಾಲಿಯವರಿಗೆ ಬಹಳ ಪ್ರಿಯವಾಗಿತ್ತು. ಈಗ ಆ ಹುಚ್ಚು ಕಾಲೇಜುಗಳಲ್ಲಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಸುರತ್ಕಲ್ಲಿನ ಎನ್‌ಐಟಿಕೆ ರೇಸಿಂಗ್ ತಂಡಗಳ ವಿದ್ಯಾರ್ಥಿಗಳು ಪೈಪು ಬೆಸೆದು ಫಾರ್ಮುಲಾ ಮಾದರಿಯ ಕಾರು ಕಟ್ಟುತ್ತಾರೆ.

ಕಟ್ಟುವವನ ಮೊದಲ ಪ್ರಶ್ನೆ: ಡಿಫ್ರೆನ್ಸು ಎಲ್ಲಿಂದ? ಮಾರುತಿ ಓಮ್ನಿ, ಜಿಪ್ಸಿ, ಹಳೇ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಎಲ್ಲದರಲ್ಲೂ ಹಿಂದೆ ಒಂದೇ ತುಂಡಿನ ಆಕ್ಸಲ್ ಹೌಸಿಂಗ್, ಅದರ ಹೊಟ್ಟೆಯಲ್ಲಿ ಡಿಫರೆನ್ಷಿಯಲ್. ಇಡೀ ಆಕ್ಸಲ್ಲನ್ನೇ ತಂದು ಸ್ಪ್ರಿಂಗಿಗೆ ತೂಗುಹಾಕಿದರೆ ಸುಲಭ. ಆದರೆ ಆ ಭಾರವೆಲ್ಲ ಗಾಲಿಯ ಜೊತೆ ಹಳ್ಳಕ್ಕೆ ಇಳಿದು ಹತ್ತಬೇಕು, ಹಗುರ ಕಾರು ಕುಪ್ಪಳಿಸುತ್ತದೆ. ಟಾಟಾ ನ್ಯಾನೊದಲ್ಲಿ, ಬೆಂಗಳೂರಿನ ರೇವಾ ವಿದ್ಯುತ್ ಕಾರಿನಲ್ಲಿ ಬಲವೂ ಡಿಫರೆನ್ಷಿಯಲ್ಲೂ ಹಿಂದೆಯೇ ಒಟ್ಟಿಗೆ ಇದ್ದವು; ಹಾಗೇ ಎತ್ತಿ ಕೂರಿಸಿಕೊಳ್ಳುವವರಿಗೆ ಅದು ಅರ್ಧ ಕೆಲಸ ಮುಗಿದಂತೆ. ಒಂದು ಎಚ್ಚರ ಮಾತ್ರ ಬೇಕು. ಗೇರ್‌ಬಾಕ್ಸನ್ನು ಹಿಂದುಮುಂದು ಮಾಡಿ ಕೂರಿಸಿದರೆ ಕ್ರೌನ್ ಉಲ್ಟಾ ತಿರುಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ಗೇರ್‌ಬಾಕ್ಸ್ ಹೀಗೆ ಬಳಸುವವರು ಒಳಗಿನ ಕ್ರೌನನ್ನು ಎದುರು ಬದಿಗೆ ಬದಲಿಸಿಕೊಳ್ಳುತ್ತಾರೆ. ಮರೆತರೆ ಮುಂದಕ್ಕೆ ಒಂದು ಗೇರು, ಹಿಂದಕ್ಕೆ ನಾಲ್ಕು.

ಗಂಭೀರವಾಗಿ ಸ್ಪೋರ್ಟ್ಸ್ ಕಾರು ಕಟ್ಟುವವರು ಡಿಫರೆನ್ಷಿಯಲ್ಲನ್ನು ಗಾಲಿಯಿಂದ ಬೇರ್ಪಡಿಸಿ ಚಾಸಿಗೇ ಬೋಲ್ಟ್ ಹಾಕುತ್ತಾರೆ. ಎಡಕ್ಕೊಂದು ಬಲಕ್ಕೊಂದು ಗಿಡ್ಡ ಶಾಫ್ಟು ಹೊರಟು ಗಾಲಿ ಸೇರುತ್ತದೆ. ಇಲ್ಲಿಂದ ನಿಜವಾದ ಕೆಲಸ ಶುರು.

ಡ್ರಿಲ್ ಮಷಿನ್ ಹಿಡಿದವರಿಗೆ ಗೊತ್ತು: ಬಿಟ್ ಸಿಕ್ಕಿಕೊಂಡರೆ ಮಷಿನ್ನೇ ಕೈಯಲ್ಲಿ ತಿರುಗಿ ಮಣಿಕಟ್ಟು ತಿರುಚುತ್ತದೆ. ಡಿಫ್ರೆನ್ಸಿನ ಪೆಟ್ಟಿಗೆಗೂ ಅದೇ ಚಪಲ. ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಪೆಟ್ಟಿಗೆ ಹಿಂದಕ್ಕೆ ತಿರುಗಲು ನೋಡುತ್ತದೆ. ಪಿನಿಯನ್ ಕ್ರೌನಿನ ಮೇಲೆ ಹತ್ತಲು ಹೋಗಿ ಪೆಟ್ಟಿಗೆಯ ಮೂತಿ ಮೇಲಕ್ಕೇಳುತ್ತದೆ. ಎಷ್ಟು ಬಲ? ಎಂಜಿನ್ನಿನ ತಿರುಚುಬಲ 100 ನ್ಯೂಟನ್ ಮೀಟರ್ ಎನ್ನಿ, ಮೊದಲ ಗೇರಿನಲ್ಲಿ 3.5 ಪಟ್ಟು, ಡಿಫರೆನ್ಷಿಯಲ್ಲಿನಲ್ಲಿ ಇನ್ನು 4 ಪಟ್ಟು. ಆಕ್ಸಲ್ಲಿಗೆ ಸಿಗುವುದು 1400 ನ್ಯೂಟನ್ ಮೀಟರ್. ಮೂತಿಯ ಬೋಲ್ಟಿಗೂ ಹಿಂಬದಿಯ ಬೋಲ್ಟಿಗೂ 30 ಸೆಂಟಿಮೀಟರ್ ಅಂತರವಿದ್ದರೆ ಒಂದು ತುದಿಯನ್ನು ಮೇಲಕ್ಕೆ ಕೀಳುವ, ಇನ್ನೊಂದನ್ನು ಕೆಳಕ್ಕೆ ಒತ್ತುವ ಬಲ ಸುಮಾರು 470 ಕಿಲೋ ಭಾರಕ್ಕೆ ಸಮ. ಕ್ಲಚ್ಚನ್ನು ಫಟ್ ಎಂದು ಬಿಟ್ಟರೆ ಇದು ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಶಾಫ್ಟು ತಿರುಗುವುದರಿಂದ ಪೆಟ್ಟಿಗೆ ಪಕ್ಕಕ್ಕೆ ಮಗುಚಲೂ ನೋಡುತ್ತದೆ, ಆದರೆ ಆ ಬಲ ಇದರ ಕಾಲುಭಾಗ.

ಹಾಗೆಂದ ಮೇಲೆ ಜೇಡರ ಬಲೆಯಂಥ ತೆಳು ಪಟ್ಟಿಗಳನ್ನು ಬೆಸೆದು ಅದರ ಮೇಲೆ ಪೆಟ್ಟಿಗೆ ಇಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಬ್ರಾಕೆಟ್ಟು ಯಾವುದೋ ಪೈಪಿನ ನಡುಮಧ್ಯಕ್ಕೆ ಅಂಟಿರಬಾರದು. ಮೂರ್ನಾಲ್ಕು ಪೈಪು ಕೂಡುವ ಗಂಟಿಗೇ ಬಲ ಹೋಗಬೇಕು. ಬಿಡಿ ಪೈಪು ಬಾಗುತ್ತದೆ, ತ್ರಿಕೋನ ಬಾಗದು. ಮೂತಿಗೆ ಒಂದು, ಹಿಂದೆ ಎಡಬಲಕ್ಕೆ ಎರಡು, ಹೀಗೆ ಮೂರು ಹಿಡಿತ ಸಾಕು. ಮೂರು ಕಾಲಿನ ಪೀಠ ಯಾವ ನೆಲದಲ್ಲೂ ಕುಂಟದು; ನಾಲ್ಕನೆಯದು ಸೇರಿಸಿದರೆ ಚಾಸಿ ತಿರುಚಿದಾಗಲೆಲ್ಲ ಪೆಟ್ಟಿಗೆಯೂ ತಿರುಚಿಕೊಳ್ಳಬೇಕಾಗುತ್ತದೆ. ಅಲ್ಯೂಮಿನಿಯಂ ಕವಚವಾದರೆ ಕಿವಿ ಮುರಿದು ಕೈಗೆ ಬರುತ್ತದೆ. ಇದಕ್ಕಾಗಿಯೇ ರಬ್ಬರ್ ಬುಷ್. ರೇಸಿನ ಹುರುಪಿನಲ್ಲಿ ರಬ್ಬರ್ ಕಿತ್ತು ಕಬ್ಬಿಣಕ್ಕೆ ಕಬ್ಬಿಣವೇ ಬಿಗಿಯುವವರಿದ್ದಾರೆ. ಕಾಲಿಟ್ಟ ತಕ್ಷಣ ಕಾರು ಚಿಮ್ಮುವುದು ನಿಜ, ಗೇರಿನ ಗುಂಯ್‌ಗಾನವೂ ಆಸನದವರೆಗೆ ಬರುತ್ತದೆ. ಟ್ರ್ಯಾಕಿನ ಕಾರಿಗೆ ಸರಿ. ಉಳಿದವರು ಗಟ್ಟಿ ರಬ್ಬರಿಗೋ ಪಾಲಿಯುರೆಥೇನಿಗೋ ಒಪ್ಪಿಕೊಳ್ಳುವುದು ಜಾಣತನ.

ವೆಲ್ಡಿಂಗ್ ವಿಷಯದಲ್ಲಿ ನಮ್ಮ ಶೆಡ್ಡುಗಳಲ್ಲಿ ಆತುರ ಜಾಸ್ತಿ. ಪೆಟ್ಟಿಗೆಯನ್ನು ಜಾಗದಲ್ಲಿಟ್ಟು ಬ್ರಾಕೆಟ್ಟಿಗೆ ಅಲ್ಲಲ್ಲಿ ಚುಕ್ಕಿ ಹಾಕುವುದು ಸರಿ. ಪೂರ್ತಿ ಬೆಸೆಯುವ ಮೊದಲು ಪೆಟ್ಟಿಗೆ ಹೊರಗೆ ಬರಬೇಕು. ಅದರ ಅಳತೆಯದ್ದೇ ಒಂದು ಉಕ್ಕಿನ ನಕಲು ಚೌಕಟ್ಟು ಬೋಲ್ಟ್ ಹಾಕಿ ಅದರ ಆಸರೆಯಲ್ಲಿ ಬೆಸೆಯಬೇಕು. ಕಬ್ಬಿಣ ಆರುವಾಗ ಎಳೆಯುತ್ತದೆ, ಎರಡು ಮಿಲಿಮೀಟರ್ ಸರಿದುಬಿಡುವುದು ಏನೇನೂ ಅಲ್ಲ. ಪೆಟ್ಟಿಗೆ ಒಳಗಿದ್ದಾಗಲೇ ಬೆಸೆದರೆ ಇನ್ನೊಂದು ಅಪಾಯವಿದೆ: ಅರ್ತ್ ಕ್ಲಿಪ್ಪು ತಪ್ಪು ಕಡೆ ಕಚ್ಚಿದ್ದರೆ ವಿದ್ಯುತ್ತು ಬೇರಿಂಗಿನ ಗುಂಡುಗಳ ಮೂಲಕವೇ ಹಾಯ್ದು, ಕಣ್ಣಿಗೆ ಕಾಣದ ಕುಳಿಗಳನ್ನು ಸುಟ್ಟಿಡುತ್ತದೆ. ಸದ್ದು ಬರುವುದು ತಿಂಗಳ ಮೇಲೆ, ಆಗ ಯಾರಿಗೂ ವೆಲ್ಡಿಂಗ್ ನೆನಪಿರುವುದಿಲ್ಲ.

ಈಗ ನೇರ್ಪು. ಇದಕ್ಕೆ ಲೇಸರ್ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾರೆ ಕೆಲಸದವರ ತೂಗುಗುಂಡು, ದಾರ, ಸೀಮೆಸುಣ್ಣ, ಟೇಪು ಇಷ್ಟಿದ್ದರೆ ಮಿಲಿಮೀಟರಿನವರೆಗೆ ಹೋಗಬಹುದು. ಚಾಸಿಯ ಮುಂದಿನ ಎರಡು, ಹಿಂದಿನ ಎರಡು ಬಿಂದುಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಕರ್ಣಗಳು ಸಮವೇ ಎಂದು ಅಳೆದು, ನಡುಗೆರೆ ಎಳೆಯಬೇಕು. ಮುಂದೆ ಏನೇ ಅಳೆದರೂ ಆ ಗೆರೆಯಿಂದಲೇ, ಚಾಸಿಯ ಪೈಪಿನಿಂದ ಅಲ್ಲ. ಪೈಪು ಬೆಸೆದವನ ಕೈಯಲ್ಲಿ ಅದು ಎಷ್ಟು ನೆಟ್ಟಗಿದೆಯೋ ದೇವರೇ ಬಲ್ಲ.

ಡಿಫರೆನ್ಷಿಯಲ್ಲಿನ ಎಡಬಲದ ಎರಡು ಬಾಯಿಗಳನ್ನು ಸೇರಿಸುವ ಗೆರೆ ಆ ನಡುಗೆರೆಗೆ ಲಂಬವಾಗಿರಬೇಕು. ಇಲ್ಲಿ ಹಲವರು ಎಡವುತ್ತಾರೆ. ಪಿನಿಯನ್ ನಡುಗೆರೆಯ ಮೇಲೆ ಬಂದರೆ ಪೆಟ್ಟಿಗೆ ನಡುವೆ ಬಂತು ಎಂದುಕೊಳ್ಳುತ್ತಾರೆ. ಎಷ್ಟೋ ಪೆಟ್ಟಿಗೆಗಳಲ್ಲಿ ಪಿನಿಯನ್ ಒಂದು ಪಕ್ಕಕ್ಕೆ ಸರಿದೇ ಇರುತ್ತದೆ. ನಡುವೆ ಬರಬೇಕಾದದ್ದು ಎರಡು ಬಾಯಿಗಳು. ಆಗ ಎರಡೂ ಗಿಡ್ಡ ಶಾಫ್ಟುಗಳು ಒಂದೇ ಅಳತೆಯವು, ಒಂದೇ ಕೋನದವು. ಇನ್ನು ಗಾಲಿ ಪೂರ್ತಿ ಮೇಲೆ ಹೋದಾಗ, ಪೂರ್ತಿ ಕೆಳಗೆ ಜೋತಾಗ ಶಾಫ್ಟಿನ ಉದ್ದ ಬದಲಾಗುತ್ತದೆ. ಒಳಗಿನ ಜಾಯಿಂಟಿನಲ್ಲಿ ಜಾರಲು ಎಷ್ಟು ಜಾಗವಿದೆ ಎಂದು ಸ್ಪ್ರಿಂಗ್ ಬಿಚ್ಚಿ ಗಾಲಿಯನ್ನು ಮೇಲೆ ಕೆಳಗೆ ಆಡಿಸಿಯೇ ನೋಡಬೇಕು. ತಳ ಮುಟ್ಟಿದರೆ ಮೊದಲ ಹಳ್ಳದಲ್ಲೇ ಜಾಯಿಂಟ್ ಪೆಟ್ಟಿಗೆಯನ್ನು ಗುದ್ದುತ್ತದೆ, ಕಮ್ಮಿಯಾದರೆ ಶಾಫ್ಟು ಕಳಚಿ ರಸ್ತೆಗೆ ಬೀಳುತ್ತದೆ.

ಎಂಜಿನ್ ಮುಂದಿದ್ದು ಉದ್ದ ಶಾಫ್ಟು ಹಿಂದಕ್ಕೆ ಬರುವ ಕಾರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಾಫ್ಟಿನ ಎರಡು ತುದಿಯ ಯೂನಿವರ್ಸಲ್ ಜಾಯಿಂಟ್, ಅಂದರೆ ಯುಜೆ ಕ್ರಾಸು, ಕೋನದಲ್ಲಿ ಕೆಲಸ ಮಾಡುವಾಗ ವೇಗವನ್ನು ಸಮವಾಗಿ ದಾಟಿಸುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. ಕೋನ 10 ಡಿಗ್ರಿಯಾದರೆ ಈ ಏರಿಳಿತ ಎರಡೂ ಕಡೆಗೆ ಶೇ 1.5, 3 ಡಿಗ್ರಿಗೆ ಇಳಿಸಿದರೆ ಶೇ 0.14 ಮಾತ್ರ. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ ನಡುಕ. ಇದಕ್ಕೆ ಮದ್ದು ಇನ್ನೊಂದು ಕ್ರಾಸೇ. ಎರಡು ಕ್ರಾಸುಗಳ ಕೋನ ಸಮವಾಗಿದ್ದು ಎರಡರ ಕವಲುಗಳೂ ಒಂದೇ ಸಮತಲದಲ್ಲಿದ್ದರೆ ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ಅಳಿಸುತ್ತದೆ. ಅಂದರೆ ಎಂಜಿನ್ನಿನ ಗೆರೆಯೂ ಪಿನಿಯನ್ನಿನ ಗೆರೆಯೂ ಸಮಾಂತರ. ಎಂಜಿನ್ ಹಿಂದಕ್ಕೆ 3 ಡಿಗ್ರಿ ಇಳಿದಿದ್ದರೆ ಪಿನಿಯನ್ನೂ ಹಿಂದಕ್ಕೆ 3 ಡಿಗ್ರಿ ಇಳಿದಿರಬೇಕು. ನಡುವಿನ ಶಾಫ್ಟು 5 ಡಿಗ್ರಿ ಇಳಿದರೆ ಎರಡು ಕ್ರಾಸಿಗೂ ತಲಾ 2 ಡಿಗ್ರಿ ಕೆಲಸ. ಹಾಗಾದರೆ ಎಲ್ಲವನ್ನೂ ಒಂದೇ ನೇರಕ್ಕೆ ತಂದು ಸೊನ್ನೆ ಮಾಡಬಾರದೇ? ಬಾರದು. ಸೊನ್ನೆ ಕೋನದಲ್ಲಿ ಕ್ರಾಸಿನ ಸೂಜಿ ಬೇರಿಂಗುಗಳು ಕದಲುವುದೇ ಇಲ್ಲ. ಕೂತಲ್ಲೇ ಕೂತು ಗುಳಿ ಬೀಳಿಸುತ್ತವೆ. ಒಂದು ಡಿಗ್ರಿಯಾದರೂ ಇರಲಿ ಎಂಬುದು ಹಳೇ ಮೇಸ್ತ್ರಿಗಳ ಮಾತು. ಶಾಫ್ಟು ಬಿಚ್ಚುವ ಮೊದಲು ಅವರು ಎರಡೂ ತುಂಡಿಗೆ ಪಂಚ್ ಹೊಡೆದು ಗುರುತು ಮಾಡಿಕೊಳ್ಳುವುದೂ ಇದಕ್ಕೇ: ಒಂದು ಹಲ್ಲು ತಪ್ಪಿ ಸೇರಿಸಿದರೂ ಕವಲುಗಳ ಸಮತಲ ಕೆಟ್ಟು, ಎಲ್ಲ ಸರಿಯಿದ್ದ ಕಾರು ನಡುಗಲು ಶುರುಮಾಡುತ್ತದೆ.

ಈ ಕೋನಗಳನ್ನು ಕಾರು ಜಾಕಿನ ಮೇಲಿದ್ದಾಗ ಅಳೆದು ಸಂತೋಷಪಟ್ಟರೆ ಪ್ರಯೋಜನವಿಲ್ಲ. ಗಾಲಿ ನೆಲದ ಮೇಲಿರಬೇಕು, ಟ್ಯಾಂಕಿನಲ್ಲಿ ಪೆಟ್ರೋಲ್ ಇರಬೇಕು, ಚಾಲಕನೂ ಕೂತಿರಬೇಕು. ಮನುಷ್ಯ ಸಿಗದಿದ್ದರೆ 25 ಕಿಲೋದ ಸೋನಾ ಮಸೂರಿ ಮೂರು ಮೂಟೆ ಆಸನದಲ್ಲಿಟ್ಟರೆ ಆಯಿತು. ಈ ಸೀಮೆಯಲ್ಲಿ ಅಕ್ಕಿಮೂಟೆಗೇನು ಬರ. ಸ್ಪ್ರಿಂಗು ತಗ್ಗಿದ ಮೇಲೆ ಸಿಗುವ ಕೋನವೇ ಓಡುವ ಕೋನ.

ಬೈಕಿನ ಎಂಜಿನ್ ಹಾಕಿ ಕಟ್ಟುವ ಕಾಲೇಜು ಕಾರುಗಳಲ್ಲಿ ಉದ್ದ ಶಾಫ್ಟಿಲ್ಲ, ಚೈನು. ಡಿಫರೆನ್ಷಿಯಲ್ಲಿನ ಮೈಗೇ ಸ್ಪ್ರಾಕೆಟ್ ಬಿಗಿದಿರುತ್ತದೆ. ಕೋನದ ಗೊಡವೆ ತಪ್ಪಿತು ಎಂದು ಹಿಗ್ಗುವಂತಿಲ್ಲ. ಮೊದಲ ಗೇರಿನಲ್ಲಿ ಸಣ್ಣ ಸ್ಪ್ರಾಕೆಟ್ಟಿಗೆ 250 ನ್ಯೂಟನ್ ಮೀಟರ್ ಬಂದರೆ, ಅದರ ತ್ರಿಜ್ಯ ಮೂರೂವರೆ ಸೆಂಟಿಮೀಟರ್ ಇದ್ದರೆ, ಚೈನಿನ ಎಳೆತ 700 ಕಿಲೋ ದಾಟುತ್ತದೆ. ಈ ಎಳೆತ ಎರಡು ಬೇರಿಂಗುಗಳ ನಡುಮಧ್ಯೆ ಬೀಳುವುದಿಲ್ಲ, ಸ್ಪ್ರಾಕೆಟ್ ಇರುವ ಕಡೆಯ ಹಿಡಿತಕ್ಕೇ ಹೆಚ್ಚು ಪಾಲು. ಎರಡು ಕಡೆಗೂ ಒಂದೇ ದಪ್ಪದ ತಗಡು ಕತ್ತರಿಸಿ ಅಂದ ನೋಡಿದವರ ಕಾರಿನಲ್ಲಿ ಒಂದು ಕಡೆ ಬಾಗಿ ಚೈನು ಹಾರುತ್ತದೆ. ಚೈನು ಸಡಿಲವಾದಾಗ ಇಡೀ ಡಿಫರೆನ್ಷಿಯಲ್ಲನ್ನೇ ಹಿಂದಕ್ಕೆ ಸರಿಸಬೇಕಾದ್ದರಿಂದ ಹಿಡಿತಕ್ಕೆ ಹೊಂದಿಸುವ ತಿರುಪು ಬೇಕು. ಎಡಬಲದ ತಿರುಪು ಸಮವಾಗಿ ತಿರುಗದಿದ್ದರೆ ಅಲ್ಲಿಗೆ ಲಂಬ ಕೆಟ್ಟಿತು, ಮತ್ತೆ ದಾರ, ಮತ್ತೆ ಟೇಪು.

ಪೆಟ್ಟಿಗೆಯ ಒಳಗನ್ನು ಬಿಚ್ಚಿದವರಿಗೆ ಪ್ರತ್ಯೇಕ ವ್ರತವಿದೆ. ಕ್ರೌನಿಗೂ ಪಿನಿಯನ್ನಿಗೂ ನಡುವೆ ಕೂದಲೆಳೆಯ ಆಟ ಬಿಡಬೇಕು, ಸಾಮಾನ್ಯವಾಗಿ 0.10ರಿಂದ 0.20 ಮಿಲಿಮೀಟರ್. ಹಲ್ಲುಗಳಿಗೆ ಬಣ್ಣದ ಪೇಸ್ಟ್ ಸವರಿ ತಿರುಗಿಸಿದರೆ ಒಂದು ಹಲ್ಲು ಇನ್ನೊಂದನ್ನು ಮುಟ್ಟಿದ ಜಾಗದಲ್ಲಿ ಬಣ್ಣ ಅಳಿಸಿ ಅಂಡಾಕಾರದ ಗುರುತು ಮೂಡುತ್ತದೆ. ಗುರುತು ಹಲ್ಲಿನ ನಡುವೆ ಇರಬೇಕು. ತುದಿಗೆ ಹೋದರೆ ಪಿನಿಯನ್ ದೂರ, ಬುಡಕ್ಕೆ ಇಳಿದರೆ ಹತ್ತಿರ. ಕಾಗದದಷ್ಟು ತೆಳುವಾದ ಶಿಮ್ ತೆಗೆದು, ಹಾಕಿ, ಮತ್ತೆ ಬಣ್ಣ ಸವರಿ ನೋಡುವ ಈ ಕೆಲಸಕ್ಕೆ ಅರ್ಧ ದಿನ ಹೋದರೂ ಒಳ್ಳೆಯ ಮೇಸ್ತ್ರಿ ಬೇಸರಪಡುವುದಿಲ್ಲ. ಪಿನಿಯನ್ ಬೇರಿಂಗ್ ಎಷ್ಟು ಬಿಗಿಯಾಗಿದೆ ಎಂದು ನೋಡಲು ಅವರು ಬಳಸುವುದು ಸ್ಪ್ರಿಂಗ್ ತಕ್ಕಡಿ. ಫ್ಲಾಂಜಿನ ಸುತ್ತ ದಾರ ಸುತ್ತಿ, ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ ಸಮವಾಗಿ ಎಳೆಯುತ್ತಾರೆ. ಪಿನಿಯನ್ ತಿರುಗುತ್ತಿರುವಾಗ ಮುಳ್ಳು ಎಲ್ಲಿ ನಿಂತಿತೋ ಅದನ್ನು ಫ್ಲಾಂಜಿನ ತ್ರಿಜ್ಯದಿಂದ ಗುಣಿಸಿದರೆ ಉತ್ತರ. ಆಯಾ ಕಾರಿನ ಕೈಪಿಡಿಯಲ್ಲಿ ಇರಬೇಕಾದ ಅಂಕಿ ಬರೆದಿರುತ್ತದೆ, ಸಾಮಾನ್ಯವಾಗಿ ಒಂದೆರಡು ನ್ಯೂಟನ್ ಮೀಟರ್.

ಎಣ್ಣೆಯಲ್ಲೂ ಜಿಪುಣತನ ನಡೆಯದು. ಹಿಂದಿನ ಕಾಲದಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕೇ ಬರುತ್ತಿತ್ತು. 1920ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಪ್ಯಾಕಾರ್ಡ್ ಅದನ್ನು ಕೆಳಕ್ಕೆ ಇಳಿಸಿತು. ಶಾಫ್ಟು ತಗ್ಗಿ ಕಾರಿನ ನೆಲವೂ ತಗ್ಗಿತು. ಆದರೆ ಹಾಗೆ ಇಳಿಸಿದ ಹಲ್ಲುಗಳು ಉರುಳುವುದರ ಜೊತೆ ಉದ್ದಕ್ಕೂ ಜಾರುತ್ತವೆ, ಮಾಮೂಲಿ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಅದಕ್ಕೇ ಜಿಎಲ್-5 ದರ್ಜೆಯ 80ಡಬ್ಲ್ಯು-90 ಎಣ್ಣೆ, ಮುಚ್ಚಳ ತೆಗೆದರೆ ಗಂಧಕದ ನಾತ. ಪೆಟ್ಟಿಗೆಯ ನೆತ್ತಿಯಲ್ಲಿರುವ ಉಸಿರುಗಂಡಿಯನ್ನು ಬಣ್ಣ ಬಳಿಯುವ ಭರದಲ್ಲಿ ಮುಚ್ಚಿಬಿಟ್ಟರೆ, ಬಿಸಿಯಾದ ಗಾಳಿ ಸೀಲನ್ನು ತಳ್ಳಿ ಎಣ್ಣೆಯನ್ನು ಬ್ರೇಕಿನ ಮೇಲೆ ಕಾರುತ್ತದೆ.

ಇಷ್ಟೆಲ್ಲ ಆದ ಮೇಲೂ ಈ ಕಾರನ್ನು ಸುತ್ತೂರಿನಿಂದ ತಿ. ನರಸೀಪುರದ ಸಂಗಮಕ್ಕೆ ಓಡಿಸಿಕೊಂಡು ಹೋಗುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೊಸದಾಗಿಯೇ ಕಟ್ಟಿದ್ದೆಂದರೆ ಕಂಪನಿಗಳಂತೆ ಮಾದರಿ ಪರೀಕ್ಷೆಗೆ ಒಡ್ಡಬೇಕು. ಅದು ಒಬ್ಬಿಬ್ಬರ ಕಿಸೆಗೆ ಎಟುಕುವ ಬಾಬತ್ತಲ್ಲ. ಹಾಗಾಗಿ ಟ್ರಕ್ಕಿಗೆ ಏರಿಸಿಕೊಂಡು ದಿಂಬಂ ಘಾಟಿ ಇಳಿದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಸ್ವಂತ ಜಮೀನಿನ ದಾರಿಯಲ್ಲಿ ಓಡಿಸಬೇಕು.

ಎಲ್ಲಿಯೇ ಓಡಿಸಲಿ, ಮೊದಲ ದಿನ ವೇಗದ ಹುಚ್ಚು ಬೇಡ, ಕಿವಿ ತೆರೆದಿರಲಿ. ಕಾಲು ಒತ್ತಿದಾಗ ಮಾತ್ರ ಗುಂಯ್ ಎಂದರೆ ಹಲ್ಲಿನ ಒಂದು ಮುಖ, ಕಾಲು ಬಿಟ್ಟಾಗ ಮಾತ್ರ ಎಂದರೆ ಇನ್ನೊಂದು ಮುಖ. ಎರಡೂ ಸಲ ಒಂದೇ ಸಮನೆ ಗೊರಗುಟ್ಟಿದರೆ ಬೇರಿಂಗ್ ಅನುಮಾನ. ಕಾಲು ಒತ್ತಿ ಬಿಟ್ಟಾಗ ಟಕ್ ಎಂದರೆ ಬುಷ್ ಅಥವಾ ಮೂತಿಯ ಬೋಲ್ಟ್. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಆಸನ ನಡುಗಿದರೆ ಪೆಟ್ಟಿಗೆಯನ್ನು ದೂರಬೇಡಿ, ಶಾಫ್ಟಿನ ಕೋನಕ್ಕೆ ಹಿಂದಿರುಗಿ. ಒಂದಿಷ್ಟು ಓಡಿದ ಮೇಲೆ ಹಿಡಿತದ ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿದು, ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಬೇಕು. ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಬೂದುಬಣ್ಣದ ನುಣುಪು ಪೇಸ್ಟ್ ಅಂಟಿದ್ದರೆ ಗೇರುಗಳು ಒಗ್ಗಿಕೊಳ್ಳುತ್ತಿವೆ ಎಂದರ್ಥ, ಹೊಸ ಎಣ್ಣೆ ಹಾಕಿ ಮುಚ್ಚಿ. ಉಗುರಿಗೆ ಸಿಕ್ಕುವ ಚೂರು ಕಂಡರೆ ಕಾರು ಆವತ್ತು ಹೊರಡುವುದಿಲ್ಲ. ಪೆಟ್ಟಿಗೆ ಕೆಳಗಿಳಿಸಿ ಮತ್ತೆ ಬಣ್ಣದ ಪೇಸ್ಟಿನಿಂದ ಶುರು.